ಎಡಕ್ಕೆ ಬಾಗಿದ ಬೆಸುಗೆ

ಊಟದ ಮೇಜಿನ ಮೇಲೆ ಕಂಪ್ಯೂಟರ್ ಬಂದು ಕೂತ ದಿನದಿಂದ ಆ ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ಕಲಿತಿದ್ದರು. ಮೊದಲು ಒಂದು ಬಂತು, ಆಮೇಲೆ ಮೂರಾದವು, ಈಗ ಏಳು. ಎಲ್ಲವೂ ಹಳೆಯವು, ಮೈಯೆಲ್ಲ ಹಳದಿಗಟ್ಟಿದವು. ಗುಜರಿ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಆ ಪೆಟ್ಟಿಗೆಗಳನ್ನು ಅಮ್ಮ ಎದೆಗವಚಿಕೊಂಡು ತರುತ್ತಿದ್ದಳು. ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ಧೂಳು ಬಿಡಿಸುವಳು, ಉಬ್ಬಿದ ಕೆಪಾಸಿಟರುಗಳನ್ನು ಕಿತ್ತು ಹೊಸದು ಹಾಕುವಳು, ಒಂದಿದ್ದ ಕಡೆ ಎರಡು ಮೆಮೊರಿ ಕಡ್ಡಿ ಸಿಕ್ಕಿಸುವಳು, ಸತ್ತುಹೋದ ಡಿಸ್ಕಿನ ಜಾಗದಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಾರ್ಡೊಂದನ್ನು ಕೂರಿಸುವಳು. ಕೊನೆಗೆ ಸ್ವಿಚ್ ಒತ್ತಿ, ಸೊಂಟದ ಮೇಲೆ ಕೈಯಿಟ್ಟು ಕಾಯುವಳು. ಒಳಗಿನಿಂದ ಬೀಪ್ ಎಂದು ಸದ್ದು ಬಂದರೆ ಅವಳ ಮುಖ ಹಡೆದವಳ ಮುಖದ ಹಾಗಾಗುತ್ತಿತ್ತು.

"ಉಸಿರಾಡ್ತಲ್ಲ, ಸಂತೋಷ," ಎನ್ನುತ್ತಿದ್ದ ಅಪ್ಪ. "ಈಗ ನನಗೆ ಅನ್ನ ಇಡ್ತೀಯೋ, ಅದಕ್ಕೇ ಬಡಿಸಿಬಿಡ್ತೀಯೋ?"

ಅಪ್ಪ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವನು. ಬೈಯುತ್ತಲೇ ಹೆಂಡತಿಗೊಂದು ದೊಡ್ಡ ಭೂತಗನ್ನಡಿ ಮಾಡಿ, ಅದರ ಸುತ್ತ ದೀಪ ಕೂರಿಸಿ ಕೊಟ್ಟಿದ್ದ. ಒಳಗಿನ ಕೋಣೆಯಲ್ಲಿ ಅಮ್ಮನ ತಾಯಿ, ಅಜ್ಜಿ, ಮಂಚ ಹಿಡಿದು ಕೂತಿದ್ದಳು. ಚಳಿಗಾಲದಿಂದ ಅವಳ ಊಟ ಕಡಿಮೆಯಾಗುತ್ತ ಬಂದು ಈಗ ಮೂರು ಚಮಚ ಗಂಜಿಗೆ ನಿಂತಿತ್ತು. ಇನ್ನುಳಿದವಳು ಮಗಳು. ಡಿಗ್ರಿ ಮುಗಿಸಿ ಎರಡು ವರ್ಷವಾಗಿತ್ತು. ಕೆಲಸದ ಸಂದರ್ಶನಕ್ಕೆ ಹೋದರೆ ಅವಳ ದನಿ ಮೇಜಿನ ಆಚೆ ಕೂತವರನ್ನು ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಅವಳನ್ನು ಪಿಸು ಎಂದೇ ಕರೆಯುತ್ತಿದ್ದರು.

ಆ ಬುಧವಾರ ಮಧ್ಯಾಹ್ನ ಅಮ್ಮ ಹೊಸದಾಗಿ ತಂದ ಪೆಟ್ಟಿಗೆಯ ಪವರ್ ಸಪ್ಲೈ ಬಿಚ್ಚಿದಳು. ಗೋಡೆಯ ಕರೆಂಟನ್ನು ಪಳಗಿಸಿ ಕಂಪ್ಯೂಟರಿನೊಳಕ್ಕೆ ಕಳಿಸುವ ತಗಡಿನ ಡಬ್ಬಿ ಅದು. ಹತ್ತೊಂಬತ್ತು ವರ್ಷ, ಕಾರ್ಖಾನೆ ಮುಚ್ಚುವ ತನಕ, ಅವಳು ಅಲ್ಲಿನ ಕೆಲಸದ ಸಾಲಿನಲ್ಲಿ ಕೂತು ಮಾಡಿದ್ದು ಇದನ್ನೇ. ಒಳಗಿನ ಬೆಸುಗೆಯಲ್ಲಿ ಬಹುಪಾಲು ಯಂತ್ರದ್ದು. ಕೊನೆಯ ಹನ್ನೆರಡು ವೈರುಗಳನ್ನು ಮಾತ್ರ ಹೆಂಗಸರು ಕೈಯಿಂದ ಬೆಸೆಯಬೇಕಿತ್ತು. ಅರವತ್ತು ಹೆಂಗಸರು, ಅರವತ್ತು ಥರದ ಕೈ. ಯಾರ ಬೆಸುಗೆ ಯಾವುದೆಂದು ಅಮ್ಮ ಭೂತಗನ್ನಡಿಯಲ್ಲಿ ನೋಡಿ ಹೇಳುತ್ತಿದ್ದಳು. "ಇದು ದಪ್ಪಕ್ಕಂದು, ಸೀಸ ಸುರಿಯೋಳು." "ಇದು ಆತುರಗಿತ್ತೀದು, ಊಟದ ಗಂಟೆ ಹೊಡೀತಿದ್ದಾಗ ಹಾಕಿರೋದು." ಮಗಳು ಪಕ್ಕದಲ್ಲಿ ಕೂತು, ಪರಿಚಯವಿಲ್ಲದ ನೆಂಟರ ಫೋಟೋ ನೋಡಿದ ಹಾಗೆ ನೋಡುತ್ತಿದ್ದಳು.

ಆ ದಿನ ಅಮ್ಮನ ಕೈ ನಡುವೆ ನಿಂತಿತು.

"ಪಿಸು, ದೀಪ ಇನ್ನೂ ಹತ್ತಿರ ತಾ."

ಗಾಜಿನ ಕೆಳಗೆ ಹನ್ನೆರಡು ಬೆಳ್ಳಿ ಚುಕ್ಕೆಗಳು. ಪ್ರತಿಯೊಂದರ ತುದಿಯಲ್ಲೂ ಒಂದು ಸಣ್ಣ ಕೊಕ್ಕು. ಹನ್ನೆರಡು ಕೊಕ್ಕೂ ಎಡಕ್ಕೆ ಬಾಗಿದ್ದವು, ಯಾರೋ ಕರೆದರೆಂದು ಎಲ್ಲ ಹಕ್ಕಿಗಳೂ ಒಂದೇ ಕಡೆಗೆ ಕತ್ತು ತಿರುಗಿಸಿದ ಹಾಗೆ.

"ಕೊಕ್ಕು," ಎಂದಳು ಅಮ್ಮ. ಅದು ಅದೇ ಸಾಲಿನಲ್ಲಿ ಕೂರುತ್ತಿದ್ದ ಅವಳ ತಂಗಿಗೆ ಜೊತೆಯವರು ಇಟ್ಟಿದ್ದ ಅಡ್ಡಹೆಸರು. ಅರವತ್ತು ಜನರಲ್ಲಿ ಎಡಗೈಯವಳು ಅವಳೊಬ್ಬಳೇ. ಬೆಸುಗೆ ಮುಗಿಸಿ ಸೀಸ ಕರಗಿಸುವ ಕಾದ ಕಡ್ಡಿಯನ್ನು, ಐರನ್ನನ್ನು, ಎತ್ತುವಾಗ ಎಡಕ್ಕೆ ಒಂದು ಜಗ್ಗು ಜಗ್ಗಿ ಎತ್ತುತ್ತಿದ್ದಳು, ಸೀಸ ಬಾಲದಂತೆ ಎಳೆದು ನಿಲ್ಲುತ್ತಿತ್ತು. ಮೇಸ್ತ್ರಿ ಎಷ್ಟು ಬೈದರೂ ಅದು ಹೋಗಲಿಲ್ಲ.

ಅಮ್ಮ ಬೋರ್ಡನ್ನು ತಿರುಗಿಸಿದಳು. ಹಿಂಬದಿಯಲ್ಲಿ ದುಂಡನೆಯ ಮುದ್ರೆ, ಒಳಗೆ ನಾಲ್ಕು ಅಂಕಿ.

"ತೊಂಬತ್ತಾರನೇ ಇಸವಿ, ಮೂವತ್ತೆಂಟನೇ ವಾರ." ಅವಳು ಅಂಕಿಗಳನ್ನು ಮತ್ತೊಮ್ಮೆ ಓದಿದಳು. "ಅವಳು ಮನೆ ಬಿಟ್ಟಿದ್ದು ತೊಂಬತ್ತೆರಡರಲ್ಲಿ. ಕಾರ್ಖಾನೆಗೂ ಮತ್ತೆ ಬರಲಿಲ್ಲ. ಇದು ನಮ್ಮ ಕಾರ್ಖಾನೆ ಮಾಲೇ ಅಲ್ಲ, ಪಿಸು."

ಪಿಸು ಆ ಕಥೆಯನ್ನು ತುಂಡುತುಂಡಾಗಿ ಕೇಳಿದ್ದಳು. ಚಿಕ್ಕಮ್ಮನಿಗೆ ಆಗ ಇಪ್ಪತ್ತೆರಡು. ಮನೆಗೆ ನಾಲ್ಕು ಜನ ಬಂದಿದ್ದ ದಿನ, ಅವರೆದುರಿಗೆ ಅವಳು ಎಡಗೈಯಲ್ಲಿ ತುತ್ತೆತ್ತಿದಳು. ಬಡಿಸುತ್ತಿದ್ದ ಅಜ್ಜಿ ಕೈಯಲ್ಲಿದ್ದ ಸೌಟಿನಿಂದಲೇ ಆ ಕೈ ಮೇಲೆ ಹೊಡೆದಳು. ಸೌಟು ಬಿಸಿಯಾಗಿತ್ತು. ಚಿಕ್ಕಮ್ಮ ಅಳಲಿಲ್ಲ. ತುತ್ತನ್ನು ತಟ್ಟೆಗೆ ಬಿಟ್ಟು ಹಿತ್ತಲಿಗೆ ಹೋಗಿ ಕೈ ತೊಳೆದಳು. ನಲ್ಲಿಯ ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿತಂತೆ. ಹೋಗಿ ನೋಡಿದರೆ ನಲ್ಲಿ ತೆರೆದೇ ಇತ್ತು, ಹಿತ್ತಲ ಬಾಗಿಲೂ ತೆರೆದಿತ್ತು. ಇಪ್ಪತ್ತೆಂಟು ವರ್ಷದಿಂದ ಒಂದು ಕಾಗದವಿಲ್ಲ, ಒಂದು ಫೋನಿಲ್ಲ. ಮನೆಯವರು ಅವಳನ್ನು ಸತ್ತವರ ಲೆಕ್ಕಕ್ಕೆ ಹಾಕಿರಲಿಲ್ಲ, ಬದುಕಿದವರ ಮಾತಿನಲ್ಲೂ ತರುತ್ತಿರಲಿಲ್ಲ.

ಪಿಸುವೂ ಹುಟ್ಟಾ ಎಡಚಿ. ಅದು ಅಜ್ಜಿಗೆ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ಅವಳು ಮಗುವಾಗಿದ್ದಾಗ ಹಗಲೆಲ್ಲ ಅಮ್ಮ ಕಾರ್ಖಾನೆಯಲ್ಲಿರುತ್ತಿದ್ದಳು, ಮಗು ಅಜ್ಜಿಯ ಕೈಯಲ್ಲಿತ್ತು. ಅಜ್ಜಿ ಹೊಡೆಯುತ್ತಿರಲಿಲ್ಲ, ಗದರುತ್ತಿರಲಿಲ್ಲ. ಚಮಚ ಎಡಗೈಗೆ ಹೋದಾಗಲೆಲ್ಲ ಮೆತ್ತಗೆ ತೆಗೆದು ಬಲಗೈಗೆ ಇಡುತ್ತಿದ್ದಳು. "ಆ ಕೈ ಮನೇಲಿ ನಿಲ್ಲಲ್ಲ ಕಂದಾ," ಎನ್ನುತ್ತಿದ್ದಳು. ಶಾಲೆಗೆ ಸೇರುವ ಹೊತ್ತಿಗೆ ಮಗು ಪೂರ್ತಿ ಬಲಗೈಗೆ ಬಂದಿತ್ತು. ಡೈರಿ ಬರೆಯುವಾಗ ಮಾತ್ರ, ಬಾಗಿಲು ಹಾಕಿಕೊಂಡು, ಪಿಸು ಇವತ್ತಿಗೂ ಎಡಗೈಯಲ್ಲಿ ಬರೆಯುತ್ತಿದ್ದಳು.

ಅಮ್ಮ ಬೋರ್ಡು ಹಿಡಿದು ಒಳಗೆ ಹೋಗಿ ಎಲ್ಲ ಹೇಳಿದಳು. ಅಜ್ಜಿ ಆ ಬೋರ್ಡನ್ನು ತಡವಿ ನೋಡಿದಳು. ಕೊಕ್ಕುಗಳು ಬೆರಳಿಗೆ ಚುಚ್ಚಿದವು.

"ತೊಂಬತ್ತಾರರಲ್ಲಿ ಇದ್ದಳಾ?"

"ಇದ್ದಳಮ್ಮ. ಎಲ್ಲೋ ಕೂತು ಕೆಲಸ ಮಾಡ್ತಿದ್ದಳು."

"ಆಮೇಲೆ?"

"ಆಮೇಲಿಂದು ಹುಡುಕಬೇಕು."

ಅಜ್ಜಿ ಬೋರ್ಡನ್ನು ಮಗಳಿಗೆ ತಿರುಗಿ ಕೊಟ್ಟು, "ಸ್ವಲ್ಪ ಗಂಜಿ ಇದ್ರೆ ತಾ," ಎಂದಳು. ಅಂದು ಬಟ್ಟಲು ಖಾಲಿಯಾಯಿತು.

ಆಮೇಲಿನ ವಾರಗಳಲ್ಲಿ ಪೆಟ್ಟಿಗೆಗಳು ಮನೆಯನ್ನು ತುಂಬಿದವು. ಅಮ್ಮ ಈಗ ರಿಪೇರಿ ಮಾಡುತ್ತಿರಲಿಲ್ಲ. ತಂದವಳೇ ತಗಡು ಬಿಚ್ಚಿ ಗಾಜಿನ ಕೆಳಗಿಟ್ಟು, ಇಲ್ಲವೆಂದರೆ ಮೂಲೆಗೆ ತಳ್ಳುವಳು. ಎರಡನೇ ವಾರದಲ್ಲಿ ಇನ್ನೊಂದು ಸಿಕ್ಕಿತು, ತೊಂಬತ್ತೊಂಬತ್ತರದ್ದು. ನಾಲ್ಕನೇ ವಾರದಲ್ಲಿ ಮತ್ತೊಂದು, ಎರಡು ಸಾವಿರದ ಮೂರರದ್ದು. ಅಮ್ಮ ಕೂಗಿ ಹೇಳುವಳು, ಅಜ್ಜಿ ಒಳಗಿನಿಂದ ಕೇಳುವಳು, "ಈಗ ಎಲ್ಲಿಗೆ ಬಂದಳು?" ನಡೆದುಕೊಂಡು ಬರುತ್ತಿರುವವಳ ದಾರಿ ಕೇಳುವ ಹಾಗೆ. "ಮೂರಕ್ಕೆ ಬಂದಳಮ್ಮ."

"ಬೇಗ ಬೇಗ ಬರ್ತಿದಾಳೆ," ಎನ್ನುವಳು ಅಜ್ಜಿ. ಈಗ ಅವಳು ಮಧ್ಯಾಹ್ನ ಗಂಜಿ ಬಿಟ್ಟು ಅನ್ನ ಉಣ್ಣುತ್ತಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು.

ಬ್ಯಾಟರಿ ಸತ್ತ ಕಂಪ್ಯೂಟರುಗಳಿಗೆ ದಿನಾಂಕ ನೆನಪಿರುವುದಿಲ್ಲ. ಸ್ವಿಚ್ ಹಾಕಿದಾಗಲೆಲ್ಲ ಅವು ಯಾವುದೋ ಹಳೆಯ ವರ್ಷದಲ್ಲಿ ಕಣ್ಣು ಬಿಡುತ್ತವೆ. ಒಂದು ಮಧ್ಯಾಹ್ನ ಗೋಡೆ ಹಿಡಿದುಕೊಂಡು ಹೊರಗೆ ಬಂದ ಅಜ್ಜಿ ಮಿಣುಕುವ ಪರದೆಯ ಮುಂದೆ ನಿಂತಳು.

"ಇದರಲ್ಲಿ ಯಾವ ವರ್ಷ ನಡೀತಿದೆ?"

"ತೊಂಬತ್ತು ಅಜ್ಜಿ. ಬ್ಯಾಟರಿ ಹೋಗಿದೆ, ಅದಕ್ಕೆ."

"ತೊಂಬತ್ತಾ?" ಅಜ್ಜಿ ಪರದೆಯ ಹತ್ತಿರಕ್ಕೆ ಬಾಗಿದಳು. "ಹಾಗಾದ್ರೆ ಅದರಲ್ಲಿ ಚಿಕ್ಕೋಳು ಇನ್ನೂ ಮನೇಲೇ ಇದಾಳೆ. ಬ್ಯಾಟರಿ ಹಾಕಬೇಡಿ ಇದಕ್ಕೆ."

ಬ್ಯಾಟರಿ ಹಾಕಲಿಲ್ಲ. ಆ ಕಂಪ್ಯೂಟರ್ ಮೇಜಿನ ತುದಿಯಲ್ಲಿ ಹಗಲೆಲ್ಲ ತೊಂಬತ್ತನೇ ಇಸವಿಯ ನಿಮಿಷಗಳನ್ನು ಎಣಿಸುತ್ತಿತ್ತು.

ಮರುದಿನದಿಂದ ಅಜ್ಜಿ ಇನ್ನೊಂದು ತಟ್ಟೆ ಇಡಿಸಿದಳು. ಹಿತ್ತಲ ಬಾಗಿಲು ಹಾಕಕೂಡದು ಎಂದಳು. "ಚಿಲಕ ಹಾಕಿರೋದು ನೋಡಿದ್ರೆ ಹಂಗೇ ಹೊರಟುಹೋಗ್ತಾಳೆ." ಬಾಗಿಲು ತೆರೆದೇ ಇತ್ತು. ಒಣಗಿದ ಎಲೆ ಒಳಗೆ ಬಂದವು, ಧೂಳು ಬಂತು. ಊಟದ ನಡುವೆ ಬಾಗಿಲು ತಾನಾಗಿ ಒಂದು ಗೇಣು ಸರಿದರೆ ನಾಲ್ವರೂ ಅಗಿಯುವುದನ್ನು ನಿಲ್ಲಿಸುತ್ತಿದ್ದರು. ಒಂದು ದಿನ ಪಿಸು ನೋಡುತ್ತಾಳೆ, ಐದನೆಯ ತಟ್ಟೆಯ ಪಕ್ಕದ ಚಮಚ ಎಡಗಡೆಗೆ ಬಂದಿದೆ, ಲೋಟದ ನೀರು ಅರ್ಧವಾಗಿದೆ.

"ಅಜ್ಜಿ, ನೀವಿಟ್ರಾ?"

"ಚಮಚ ನಾನಿಟ್ಟೆ," ಎಂದಳು ಅಜ್ಜಿ. "ನೀರು ನಂಗೊತ್ತಿಲ್ಲ."

"ಬೆಕ್ಕು ಕುಡಿದಿರುತ್ತೆ," ಎಂದು ಅಪ್ಪ ಜೋರಾಗಿಯೇ ಹೇಳಿದ. ಆಮೇಲೆ ಎದ್ದು ತಟ್ಟೆ ತೊಳೆಯುವಾಗ ಹೆಂಡತಿಯ ಮೇಲೆ ಹರಿಹಾಯ್ದ. "ಹತ್ತೊಂಬತ್ತು ಪೆಟ್ಟಿಗೆ ಆಯ್ತು! ಇರೋರಿಗೆ ತಟ್ಟೆ ಇಡೋಕೆ ಜಾಗ ಇಲ್ಲ, ಇಲ್ದೋಳಿಗೆ ತಟ್ಟೆ ಇಡ್ತೀರಾ. ಒಂದು ಚೂರು ಸೀಸ ಆ ಕಡೆ ಬಾಗಿದೆ ಅಂತ ಮನೇನೆಲ್ಲ ಆ ಕಡೆ ಬಾಗಿಸ್ತಿದೀಯಲ್ಲೇ!"

"ನೀವು ಅವಳನ್ನ ನೋಡಿಲ್ಲ. ಮಾತಾಡಬೇಡಿ."

"ನೋಡಿಲ್ಲ. ಈಗ ದಿನಾ ಅವಳ ಜೊತೆ ಊಟಕ್ಕೆ ಕೂರ್ತಿದೀನಲ್ಲ, ಅದಕ್ಕೇ ಹೇಳ್ತಿರೋದು."

"ಅಮ್ಮ ಎರಡು ತುತ್ತು ಜಾಸ್ತಿ ತಿಂತಿರೋದು ನಿಮಗೆ ಕಾಣಲ್ವಾ?"

ಅವನು ಕೈ ಒರೆಸಿಕೊಂಡ. ತಟ್ಟೆಗಳನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಹೊರಟ. ತಿರುಗಿ ಬಂದು, "ಅತ್ತೆ, ಬರ್ತೀನಿ," ಎಂದ.

"ಹುಷಾರು ಅಳಿಯಂದ್ರೇ. ದಾರೀಲಿ ಸಿಕ್ಕಿದ್ರೆ ಕರ್ಕೊಂಡು ಬನ್ನಿ," ಎಂದಳು ಅಜ್ಜಿ.

ಐದನೇ ವಾರದ ಶುಕ್ರವಾರ, ನೋಡಲು ಹೊಸ ಪೆಟ್ಟಿಗೆ ಇಲ್ಲದೆ ಅಮ್ಮ ಮಂಚದ ಕೆಳಗೆ ಕೈ ಹಾಕಿದಳು. ಈ ಹುಡುಕಾಟ ಶುರುವಾಗುವ ಮೊದಲೇ ತಂದು, ಜಾಗವಿಲ್ಲದೆ ಬಿಚ್ಚದೆ ತಳ್ಳಿದ್ದ ಒಂದು ಕಂಪ್ಯೂಟರ್ ಅಲ್ಲಿತ್ತು. ಅದನ್ನೆಳೆದು ತಗಡು ತೆಗೆದು ಗಾಜಿನ ಕೆಳಗಿಟ್ಟಳು. ಅಪ್ಪ ಊಟಕ್ಕೆ ಬಂದಿದ್ದ. ಪಿಸು ರೊಟ್ಟಿ ಬಿಸಿ ಮಾಡುತ್ತಿದ್ದಳು.

ಅಮ್ಮ ಕೂಗಲಿಲ್ಲ. ಅದಕ್ಕೇ ಇಬ್ಬರೂ ಹತ್ತಿರ ಬಂದರು.

"ನೋಡಿ," ಎಂದಳು ಅವಳು, ತುಟಿಯಲ್ಲೇ. "ವೈರುಗಳಲ್ಲ. ಇಲ್ಲಿ, ಈ ಎರಡು ಕೆಪಾಸಿಟರ್. ಯಾರೋ ಕಿತ್ತು ಹೊಸದು ಹಾಕಿದಾರೆ. ನಾಲ್ಕು ಬೆಸುಗೆ, ನಾಲ್ಕಕ್ಕೂ ಕೊಕ್ಕು. ಹಳೆ ಬೆಸುಗೆ ಮಂಕಾಗಿರುತ್ತೆ. ಇದು ಕನ್ನಡಿ ಥರ ಹೊಳೀತಿದೆ. ಮುಟ್ಟಿ ನೋಡಿ, ಬೆಸುಗೆ ಕೂರೋಕೆ ಹಚ್ಚೋ ರಾಳ ಇನ್ನೂ ಅಂಟಂಟು. ಇದಕ್ಕೆ ಎರಡು ತಿಂಗಳೂ ಆಗಿಲ್ಲ."

ಅವಳು ಗಾಜಿನಿಂದ ತಲೆ ಎತ್ತಿದಳು.

"ಇದೇ ಊರಲ್ಲಿದಾಳೆ. ನಮ್ಮ ಹಾಗೇ ಎಲ್ಲೋ ಒಂದು ಮೇಜಿನ ಮುಂದೆ ಕೂತು ಹಳೇ ಕಂಪ್ಯೂಟರ್ ರಿಪೇರಿ ಮಾಡ್ತಿದಾಳೆ. ಮಾಡಿದ್ದು ನಮ್ಮನೆಗೇ ಬಂದಿದೆ."

ಅಪ್ಪನ ಕಣ್ಣು ತಾನಾಗಿ ಹಿತ್ತಲ ಬಾಗಿಲಿನ ಕಡೆ ಹೊರಳಿತು. ಪಿಸುವೂ ನೋಡಿದಳು. ಬಾಗಿಲಾಚೆ ಬಿಸಿಲು ಬಿದ್ದ ನೆಲವಿತ್ತು, ನಲ್ಲಿ ತೊಟ್ಟಿಕ್ಕುತ್ತಿತ್ತು. ಬಂದೇಬಿಟ್ಟಳು ಎಂದುಕೊಂಡಳು. ಆಮೇಲೆ ಗಾಜಿನತ್ತ ತಿರುಗಿದವಳಿಗೆ ಆ ಎರಡು ಕೆಪಾಸಿಟರುಗಳು ಕಂಡವು. ಎರಡೂ ನೀಲಿ. ಒಂದರ ನೆತ್ತಿಯ ಮೇಲೆ ಸಣ್ಣ ಗೀರು.

ಆ ಗೀರು ಅವಳ ಉಗುರಿನದು.

ಏಳು ವಾರದ ಹಿಂದೆ, ಅಮ್ಮ ಗುಜರಿಗೆ ಹೋಗಿದ್ದಾಗ, ಅಜ್ಜಿ ಮಲಗಿದ್ದಾಗ, ಪಿಸು ಆ ಪೆಟ್ಟಿಗೆಯನ್ನು ಮಂಚದಡಿಯಿಂದ ತೆಗೆದು ತಾನೇ ಸರಿಮಾಡಿದ್ದಳು. ಬಲಗೈಯಲ್ಲಿ ಐರನ್ ನಡುಗುತ್ತಿತ್ತು. ಮನೆಯಲ್ಲಿ ನೋಡುವವರಿಲ್ಲ ಎಂದು ಎಡಗೈಗೆ ಬದಲಾಯಿಸಿದ್ದಳು. ಎಷ್ಟು ಸಲೀಸಾಗಿ ಬಂತು! ಕಂಪ್ಯೂಟರ್ ಬೀಪ್ ಎಂದಿತ್ತು. ಅಮ್ಮನ ಹುಟ್ಟಿದ ಹಬ್ಬಕ್ಕೆ ತೋರಿಸೋಣವೆಂದು ಮುಚ್ಚಿ ಮತ್ತೆ ಒಳಗೆ ತಳ್ಳಿದ್ದಳು. ತನ್ನ ಬೆಸುಗೆ ಹೇಗಿದೆ ಎಂದು ಗಾಜು ಹಿಡಿದು ನೋಡಬೇಕೆಂದು ಆಗ ಅವಳಿಗೆ ಹೊಳೆದಿರಲಿಲ್ಲ.

ಈಗ ನೋಡುತ್ತಿದ್ದಳು. ಕಂಡೇ ಇರದ ಒಬ್ಬ ಹೆಂಗಸಿನ ಕೈಬರಹ ತನ್ನ ಕೈಯಿಂದ ಬಿದ್ದಿತ್ತು. ಎಡಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು.

"ಅಮ್ಮಾ..." ಎಂದಳು. ಎಂದಿನಂತೆ ಅದು ಯಾರಿಗೂ ಕೇಳಲಿಲ್ಲ. ಅಮ್ಮ ಆಗಲೇ ಒಳಗೆ ಓಡಿದ್ದಳು, ಬೋರ್ಡು ಹಿಡಿದು.

ಶನಿವಾರ ಅಮ್ಮ ಗುಜರಿಯವನನ್ನು ಹಿಡಿದು ಕೂತು, ಆ ಪೆಟ್ಟಿಗೆ ಎಲ್ಲಿಂದ ಬಂತೋ ಅಲ್ಲಿನ ವಿಳಾಸ ತಂದಳು. ಊರಾಚೆಯ ಒಂದು ರಿಪೇರಿ ಅಂಗಡಿ, ಮುಚ್ಚಿದೆ, ಆದರೆ ಮಾಲೀಕ ಹಿಂದುಗಡೆಯೇ ಇದ್ದಾನೆ. ಭಾನುವಾರ ಬೆಳಿಗ್ಗೆ ಎಲ್ಲರೂ ಹೋಗುವುದೆಂದಾಯಿತು. ಅಜ್ಜಿ ತಾನೂ ಬರುವೆನೆಂದಳು. ಎಂಟು ತಿಂಗಳಿಂದ ಹೊಸಿಲು ದಾಟದವಳು ತಲೆಗೆ ಸ್ನಾನ ಮಾಡಿಸಿಕೊಂಡಳು, ಒಗೆದ ಬಟ್ಟೆ ಇಸ್ತ್ರಿ ಮಾಡಿಸಿಕೊಂಡಳು. ಸಂಜೆ ಪಿಸುವನ್ನು ಕರೆದು, "ಅಡುಗೆಮನೆ ಮೇಲಿನ ಹಲಗೇಲಿ ಹಳೇ ಸೌಟಿದೆ, ತಗೊಂಡು ಬಾ," ಎಂದಳು.

ಹಿಡಿ ಸೊಟ್ಟಗಾದ, ಕಪ್ಪಾದ ಸೌಟು. ಅಜ್ಜಿ ಅದನ್ನು ಒಂದು ಬಿಳಿ ಬಟ್ಟೆಯಲ್ಲಿ ಸುತ್ತತೊಡಗಿದಳು.

"ಇದ್ಯಾಕೆ ಅಜ್ಜಿ?"

"ಅವಳ ಕೈಗೇ ಕೊಡ್ತೀನಿ. ಏನು ಮಾಡಬೇಕು ಅನ್ಸುತ್ತೋ ಮಾಡ್ಲಿ." ಅಜ್ಜಿ ಗಂಟು ಬಿಗಿದಳು. "ಅಷ್ಟಾದ್ರೆ ನಾನು ಹೋಗಬಹುದು."

ಪಿಸು ಡೈರಿ ತೆರೆದಳು. ಎಡಗೈಯಲ್ಲಿ ಪೆನ್ನು ಹಿಡಿದು ಕೂತಳು, ಒಂದಕ್ಷರವೂ ಬರೆಯಲಿಲ್ಲ. ಹೇಳಿದರೆ ಅಜ್ಜಿಯ ತಟ್ಟೆ ಮತ್ತೆ ಮೂರು ಚಮಚಕ್ಕೆ ಇಳಿಯುತ್ತದೆ. ಹೇಳದಿದ್ದರೆ ನಾಳೆ ಆ ಮುದುಕಿ ಸೌಟು ಹಿಡಿದುಕೊಂಡು ಮುಚ್ಚಿದ ಅಂಗಡಿಯ ಮುಂದೆ ನಿಲ್ಲುತ್ತಾಳೆ.

ಭಾನುವಾರ ಬೆಳಿಗ್ಗೆ ಅಪ್ಪ ಗಾಡಿ ತರಲು ಹೋದ. ಅಮ್ಮ ಮೇಜಿನ ಬಳಿ ಬೋರ್ಡುಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಪಿಸು ಏನೂ ಹೇಳದೆ ಬಂದು ಐರನ್ನಿನ ಪ್ಲಗ್ ಹಾಕಿದಳು.

"ಈಗೇನೇ? ಹೊರಡೋ ಹೊತ್ತಲ್ಲಿ!"

ಪಿಸು ಒಂದು ಹಾಳು ಬೋರ್ಡನ್ನು ಎಳೆದುಕೊಂಡಳು. ಐರನ್ ಕಾದಿತ್ತು. ಅದನ್ನು ಎಡಗೈಗೆ ತೆಗೆದುಕೊಂಡು ಒಂದು ಬೆಸುಗೆ ಹಾಕಿದಳು. ರಾಳದ ಹೊಗೆ ಎದ್ದಿತು. ಇನ್ನೊಂದು ಹಾಕಿದಳು. ಮತ್ತೊಂದು. ಅಮ್ಮನ ಕೈಯಲ್ಲಿದ್ದ ಚೀಲ ನಿಧಾನಕ್ಕೆ ನೆಲಕ್ಕಿಳಿಯಿತು. ಹನ್ನೆರಡು ಮುಗಿಯುವ ತನಕ ಅವಳು ನಿಂತೇ ಇದ್ದಳು, ಆಮೇಲೆ ಭೂತಗನ್ನಡಿಯನ್ನು ಎಳೆದು ಬಾಗಿದಳು.

ಗಾಜಿನ ಆ ಕಡೆ ಅವಳ ಒಂದು ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಅದು ಮಿಟುಕಲಿಲ್ಲ.

"ಮಂಚದ ಕೆಳಗಿಂದು ನೀನಾ?"

"ಹ್ಞೂಂ."

"ಉಳಿದ ಮೂರು?"

"ಅವು ನಾನಲ್ಲಮ್ಮ. ಆದ್ರೆ ಎಡಗೈಯವರು ಯಾರು ಹಾಕಿದ್ರೂ ಹೀಗೇ ಬರುತ್ತೋ ಏನೋ. ಚಿಕ್ಕಮ್ಮನೂ ಇರಬಹುದು. ಯಾರೋ ಬೇರೆಯವರೂ ಇರಬಹುದು."

"ಯಾರೋ ಬೇರೆಯವರು," ಎಂದಳು ಅಮ್ಮ. ಕೂತುಬಿಟ್ಟಳು. ಮಗಳ ಎಡಗೈಯನ್ನು ತೆಗೆದುಕೊಂಡು, ಬೋರ್ಡು ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇಷ್ಟು ವರ್ಷ ಇದನ್ನ ಎಲ್ಲಿಟ್ಟಿದ್ಯೇ?"

ಹೊರಗೆ ಗಾಡಿಯ ಹಾರ್ನ್ ಕೇಳಿತು. ಒಳಗಿನಿಂದ ಅಜ್ಜಿಯ ದನಿ ಬಂತು. "ಬೆಸುಗೆ ವಾಸನೆ ಬರ್ತಿದೆ. ಯಾರು ಬಂದಿರೋದು? ಅವಳಾ?"

ಅಮ್ಮ ಮಗಳ ಕೈ ಬಿಟ್ಟಳು. "ನನ್ನ ಬಾಯಲ್ಲಿ ಬರಲ್ಲ, ಪಿಸು."

ಪಿಸು ಅಡುಗೆಮನೆಗೆ ಹೋಗಿ ಬೆಳಗಿನ ಗಂಜಿಯ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಅಜ್ಜಿ ಇಸ್ತ್ರಿಯ ಬಟ್ಟೆ ಉಟ್ಟು, ಬಿಳಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲಿಗೆ ಮುಖ ಮಾಡಿ ಮಂಚದ ಅಂಚಿನಲ್ಲಿ ಕೂತಿದ್ದಳು. ಪಿಸು ಎದುರಿಗೆ ಕೂತು, ಎಡಗೈಯಲ್ಲಿ ಚಮಚ ಎತ್ತಿ ಅವಳ ಬಾಯಿಯ ಹತ್ತಿರ ಹಿಡಿದಳು.

ಅಜ್ಜಿಯ ಕೈ ಮೇಲೆದ್ದಿತು. ಇಪ್ಪತ್ತು ವರ್ಷದ ಹಿಂದಿನ ಅದೇ ಮೆತ್ತನೆಯ ಕೈ, ಚಮಚ ತೆಗೆದು ಬಲಗೈಗೆ ಇಡಲು. ಅದು ಅರ್ಧ ದಾರಿಯಲ್ಲಿ ನಿಂತಿತು. ಮತ್ತೆ ಗಂಟಿನ ಮೇಲೆ ಬಿದ್ದಿತು.

"ಆ ಮೇಜಿನ ಹತ್ತಿರ ಇದ್ದಿದ್ದು ನೀನಾ?"

"ನಾನೇ ಅಜ್ಜಿ."

"ಬೇರೆ ಯಾರೂ ಬಂದಿಲ್ವಾ?"

"ಇಲ್ಲ."

ಅಜ್ಜಿ ಚಮಚವನ್ನೇ ನೋಡುತ್ತಿದ್ದಳು. ಗಂಜಿಯ ಮೇಲೆ ಕೆನೆ ಕಟ್ಟುವಷ್ಟು ಹೊತ್ತಾಯಿತು. ಆಮೇಲೆ ಬಾಯಿ ತೆರೆದಳು. ಒಂದು ಚಮಚ, ಎರಡು, ಮೂರು. ಮೂರಕ್ಕೆ ಪಿಸುವಿನ ಕೈ ತಡೆಯಿತು. ಅಜ್ಜಿ ಕಾದಳು. "ಇನ್ನೂ ಇದೆಯಲ್ಲ," ಎಂದಳು.

ಬಟ್ಟಲು ಖಾಲಿಯಾದ ಮೇಲೆ ಅಜ್ಜಿ ಗಂಟು ಬಿಚ್ಚಿ ಸೌಟನ್ನು ಅವಳ ಎಡಗೈಯಲ್ಲಿಟ್ಟಳು. ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿ, ಅದುಮಿ ಹಿಡಿದಳು. ಹಿಡಿತ ಮುದುಕಿಯದಾಗಿರಲಿಲ್ಲ.

"ನಾಳೆಯಿಂದ ನೀನೇ ಬಡಿಸು. ಈ ಕೈಲೇ." ಅವಳ ಕಣ್ಣು ಪಿಸುವಿನ ಮುಖವನ್ನು ದಾಟಿ ಹಿಂದೆಲ್ಲೋ ನಿಂತಿತ್ತು. "ಇನ್ನು ಈ ಕೈ ಎಲ್ಲೂ ಹೋಗಲ್ಲ ತಾನೇ, ಚಿಕ್ಕೋಳೇ?"

ಪಿಸುವಿಗೆ ಹಿಂದೆ ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ.

"ಎಲ್ಲೂ ಹೋಗಲ್ಲ," ಎಂದಳು. ಆ ದನಿ ಹೊರಗೆ ಮೇಜಿನ ಬಳಿಯ ಅಮ್ಮನಿಗೆ, ಹೊಸಿಲಲ್ಲಿ ನಿಂತ ಅಪ್ಪನಿಗೆ, ಗಾಡಿಯವನಿಗೂ ಕೇಳುವಷ್ಟು ದೊಡ್ಡದಾಗಿತ್ತು.

"ಸರಿ," ಎಂದು ಅಜ್ಜಿ ದಿಂಬಿಗೆ ಒರಗಿದಳು. "ಹಿತ್ತಲ ಬಾಗಿಲು ಹಾಕ್ಕೊಂಡು ಬಾ. ಎಷ್ಟು ದಿನ ಅಂತ ತೆಗೆದಿಡೋದು."